ಊರುಗೋಲಿನೊಡನೆ ಲಂಡನ್ನಿನಲ್ಲಿ

ದೇಶ ಸುತ್ತಿ ನೋಡು, ಕೋಶ ಓದಿ ನೋಡು ಎಂದು ನಮ್ಮ ಹಿರಿಯರು ತಿಳಿವಿಗೆ ಎರಡು ದಾರಿಗಳನ್ನು ತೋರಿಸಿಕೊಟ್ಟಿದ್ದಾರೆ. ಕೋಶ ಓದುವವನಿಗೆ ಕಣ್ಣು ಬೇಕು, ದೇಶ ಸುತ್ತುವವನಿಗೆ ಕಾಲು ಬೇಕು ಎಂಬುದನ್ನು ಮಾತ್ರ ಅವರು ಬಾಯಿಬಿಟ್ಟು ಹೇಳಲಿಲ್ಲ. ಹೇಳದೆಯೇ ತಿಳಿಯತಕ್ಕದ್ದೆಂದು ಬಿಟ್ಟಿರಬೇಕು. ಪ್ರವಾಸ ಕಥನಗಳನ್ನು ಬರೆಯುವವರೂ ಹಾಗೆಯೇ. ಗೋಪುರ, ಸೇತುವೆ, ಉದ್ಯಾನ, ಚಿತ್ರಶಾಲೆ ಎಲ್ಲವನ್ನೂ ಬಣ್ಣಿಸುತ್ತಾರೆ. ತಮ್ಮನ್ನು ಅಲ್ಲಿಗೆಲ್ಲ ಹೊತ್ತುಕೊಂಡು ಹೋದ ಎರಡು ಕಾಲುಗಳ ಸುದ್ದಿಯನ್ನು ಎತ್ತುವುದಿಲ್ಲ. ಇನ್ನು ಕಾಲು ಸರಿಯಿಲ್ಲದವನ ವಿಷಯದಲ್ಲಿ ನಮ್ಮ ನುಡಿ ಹೇಳುವುದು ಎರಡೇ ಮಾತು. ಕುಂಟನಿಗೆ ಎಂಟು ಚೇಷ್ಟೆಯೆಂದು ಗಾದೆ ನಗುತ್ತದೆ. ಭಗವಂತನ ಕೃಪೆಯಾದರೆ ಕುಂಟನೂ ಬೆಟ್ಟ ದಾಟುತ್ತಾನೆಂದು ಪ್ರಾರ್ಥನೆ ಭರವಸೆ ಕೊಡುತ್ತದೆ. ನಗೆಗೂ ಕೃಪೆಗೂ ನಡುವೆ ಮೂರನೆಯ ದಾರಿಯೊಂದಿರುವುದನ್ನು ನಾನು ಹತ್ತಿರದಿಂದ ಕಂಡದ್ದು ಲಂಡನ್ ನಗರದಲ್ಲಿ, ಪಾದದ ಮೂಳೆಯೊಂದು ಸೀಳಿ, ಎರಡು ಊರುಗೋಲುಗಳ ಮೇಲೆ ಕಳೆದ ಹದಿನೆಂಟು ದಿನಗಳಲ್ಲಿ.

ಹೋದದ್ದು ಮೂರು ವಾರಗಳ ಮಟ್ಟಿಗೆ, ಅಕ್ಕನ ಮಗನ ಮನೆಗೆ. ಮೂರನೆಯ ದಿನ ಸಂಜೆ ಮಳೆಯಲ್ಲಿ ತೊಯ್ದ ಕಲ್ಲುಮೆಟ್ಟಿಲೊಂದರ ಮೇಲೆ ಎಡಪಾದ ಒಳಕ್ಕೆ ಹೊರಳಿತು. ಆಸ್ಪತ್ರೆಯಲ್ಲಿ ಕ್ಷ-ಕಿರಣದ ಚಿತ್ರ ತೆಗೆದು, ಕಿರುಬೆರಳಿನ ಹಿಂದೆ ಪಾದದ ಹೊರ ಅಂಚಿನಲ್ಲಿರುವ ನೀಳ ಮೂಳೆ ಬುಡದಲ್ಲಿ ಸೀಳಿದೆಯೆಂದರು. ಮೊಣಕಾಲಿನ ಕೆಳಗಿನವರೆಗೆ ಬರುವ ಗಡಸು ಬೂಟು, ಮುಂಗೈಗೆ ಆತುಕೊಳ್ಳುವ ಎರಡು ಊರುಗೋಲು, ಆರು ವಾರಗಳ ಗಡುವು ಇಷ್ಟನ್ನು ಕೊಟ್ಟು ಕಳಿಸಿದರು. ಹಣ ಎಲ್ಲಿ ಕಟ್ಟಬೇಕೆಂದು ಕೇಳಿದರೆ ಕಟ್ಟಬೇಕಾಗಿಲ್ಲವೆಂದರು. 1948ರ ಜುಲೈ 5ರಂದು ಆರಂಭವಾದ ಆ ದೇಶದ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ, ಅಪಘಾತ ವಿಭಾಗದ ತುರ್ತು ಚಿಕಿತ್ಸೆಗೆ ಪರದೇಶದವರಿಂದಲೂ ಶುಲ್ಕ ಪಡೆಯುವುದಿಲ್ಲ. ಒಳರೋಗಿಯಾಗಿ ಸೇರಿದರೆ ಲೆಕ್ಕ ಬೇರೆ. ಮೆಟ್ಟಿಲು ಹತ್ತುವ ವಿದ್ಯೆಯನ್ನು ಕಲಿಸಿದಾಕೆ ಅದಕ್ಕೊಂದು ಸೂತ್ರವನ್ನೂ ಹೇಳಿಕೊಟ್ಟಳು: ಏರುವಾಗ ಒಳ್ಳೆಯ ಕಾಲು ಮುಂದು, ಇಳಿಯುವಾಗ ಕೆಟ್ಟ ಕಾಲು ಮುಂದು, ಒಳ್ಳೆಯದು ಸ್ವರ್ಗಕ್ಕೆ, ಕೆಟ್ಟದ್ದು ನರಕಕ್ಕೆ. ಪಾಪಪುಣ್ಯಗಳ ವಿಚಾರ ಇಷ್ಟು ಕೆಲಸಕ್ಕೆ ಬಂದದ್ದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಮಾರನೆಯ ದಿನದಿಂದ ಊರಿನ ನಕ್ಷೆಯೇ ಬೇರೆಯಾಯಿತು. ನೋಡಬೇಕೆಂದು ಗುರುತು ಹಾಕಿಕೊಂಡಿದ್ದ ಸ್ಥಳಗಳು ಈಗ ಮೆಟ್ಟಿಲುಗಳ ಸಂಖ್ಯೆಯಾಗಿ ಕಣ್ಣಿಗೆ ಬಿದ್ದವು. 1666ರ ಮಹಾ ಅಗ್ನಿದುರಂತದ ನೆನಪಿಗೆ ಕಟ್ಟಿದ ಸ್ತಂಭಕ್ಕೆ 311 ಮೆಟ್ಟಿಲು. ಸಂತ ಪಾಲರ ದೇವಾಲಯದ ಗುಮ್ಮಟದ ತುದಿಯ ಮೊಗಸಾಲೆಗೆ 528. ಇವೆರಡನ್ನೂ ಕೆಳಗಿನಿಂದಲೇ ನೋಡಿ ಕೈಮುಗಿದದ್ದಾಯಿತು. ಆದರೆ ದಿನವೂ ಎದುರಾದ ತೊಡಕು ಸ್ಮಾರಕಗಳದಲ್ಲ, ಹಾದಿಯದು. ಲಂಡನ್ನಿನ ನೆಲದಡಿಯ ರೈಲು ಆರಂಭವಾದದ್ದು 1863ರಲ್ಲಿ, ಲೋಕಕ್ಕೆಲ್ಲ ಮೊದಲು. ಮೊದಲನೆಯದೆಂಬ ಹೆಗ್ಗಳಿಕೆಗೆ ತೆರಬೇಕಾದ ಬೆಲೆಯೂ ಇದೆ. ಅದನ್ನು ತೋಡಿದವರು ಇಳಿದು ಹತ್ತಬಲ್ಲ ಜನರನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡಿದ್ದರು. ಅದರ 272 ನಿಲ್ದಾಣಗಳಲ್ಲಿ ಬೀದಿಯಿಂದ ರೈಲಿನ ಕಟ್ಟೆಯವರೆಗೆ ಮೆಟ್ಟಿಲಿಲ್ಲದೆ ಹೋಗಬಹುದಾದವು ಇಂದಿಗೂ ಸುಮಾರು ಮೂರರಲ್ಲಿ ಒಂದು ಪಾಲು. 2022ರ ಮೇ ತಿಂಗಳಲ್ಲಿ ತೆರೆದ ಎಲಿಜಬೆತ್ ಮಾರ್ಗದಲ್ಲಾದರೋ 41 ನಿಲ್ದಾಣಗಳಿಗೂ ಮೆಟ್ಟಿಲಿಲ್ಲದ ದಾರಿಯಿದೆ. ನೂರ ಐವತ್ತೊಂಬತ್ತು ವರ್ಷಗಳಲ್ಲಿ ಇಂಜಿನಿಯರುಗಳ ಜಾಣತನ ಬೆಳೆದದ್ದು ನಿಜ. ಅದಕ್ಕಿಂತ ಹೆಚ್ಚಾಗಿ ಬೆಳೆದದ್ದು, ಪ್ರಯಾಣಿಕನೆಂದರೆ ಯಾರು ಎಂಬ ಅವರ ಕಲ್ಪನೆ.

ಈ ರೈಲಿನ ಬಗ್ಗೆ ಒಂದು ಕಥೆ ಹೇಳುತ್ತಾರೆ. 1911ರಲ್ಲಿ ಅರ್ಲ್ಸ್ ಕೋರ್ಟ್ ನಿಲ್ದಾಣದಲ್ಲಿ ಚಲಿಸುವ ಮೆಟ್ಟಿಲನ್ನು ಮೊದಲ ಬಾರಿಗೆ ಹೂಡಿದಾಗ, ಜನರು ಅದರ ಮೇಲೆ ಕಾಲಿಡಲು ಅಂಜುತ್ತಿದ್ದರಂತೆ. ಅವರ ಭಯ ಬಿಡಿಸಲು ಮರದ ಕಾಲಿನ ಹ್ಯಾರಿಸ್ ಎಂಬುವನನ್ನು ದಿನವಿಡೀ ಅದರ ಮೇಲೆ ಏರಿಳಿಯುವಂತೆ ನೇಮಿಸಿದರಂತೆ. ಕುಂಟನೇ ಹತ್ತುತ್ತಿರುವಾಗ ನಮಗೇನು ಎಂದು ಜನ ಹಿಂಬಾಲಿಸಿದರಂತೆ. ಈ ಕಥೆ ಎಷ್ಟರಮಟ್ಟಿಗೆ ನಿಜವೆಂಬ ವಿಷಯದಲ್ಲಿ ಚರಿತ್ರಕಾರರಲ್ಲಿ ಒಮ್ಮತವಿಲ್ಲ. ಊರುಗೋಲು ಹಿಡಿದು ಕೇಳಿದ ನನಗೆ ಅದರಲ್ಲಿ ಹಿತವಾಗಿ ತೋರಿದ್ದು ಬೇರೆಯೇ. ನಮ್ಮ ಗಾದೆಯ ಕುಂಟ ನಗೆಪಾಟಲಾಗುವವನು. ಇಲ್ಲಿ ಇಡೀ ಊರಿಗೆ ದಾರಿ ತೋರಿಸಿದವನೇ ಅವನು.

ಹೀಗೆ ರೈಲನ್ನು ಬಹುಮಟ್ಟಿಗೆ ಬಿಟ್ಟು ಬಸ್ಸನ್ನು ಹಿಡಿದೆ. ಲಂಡನ್ನಿನ ಕೆಂಪು ಬಸ್ಸು ನಿಲ್ದಾಣಕ್ಕೆ ಬಂದು ನಿಂತು, ಉಸ್ಸೆಂದು ಉಸಿರುಬಿಟ್ಟು, ಪಾದಚಾರಿಯ ಕಡೆಗೆ ತನ್ನ ಮೈಯನ್ನು ತುಸು ಬಾಗಿಸುತ್ತದೆ. ಒಂಟೆ ಸವಾರನಿಗಾಗಿ ಮಂಡಿಯೂರುವುದನ್ನು ನೋಡಿದವರಿಗೆ ಈ ದೃಶ್ಯದ ಸೊಗಸು ತಿಳಿದೀತು. ಗುಂಡಿಯೊತ್ತಿದರೆ ನಡುಬಾಗಿಲಿನ ಕೆಳಗಿನಿಂದ ಹಲಗೆಯೊಂದು ನಾಲಗೆಯಂತೆ ಹೊರಚಾಚಿ ಕಾಲುದಾರಿಯನ್ನು ಮುಟ್ಟುತ್ತದೆ. ಗಾಲಿಕುರ್ಚಿ ಅದರ ಮೇಲೆ ಉರುಳಿ ಒಳಗೆ ಹೋಗುತ್ತದೆ. ಚಿತ್ರಪಟಗಳಲ್ಲಿ ಮೆರೆಯುವ ಹಳೆಯ ರೂಟ್‌ಮಾಸ್ಟರ್ ಬಸ್ಸು 1956ರಲ್ಲಿ ಬೀದಿಗಿಳಿದದ್ದು. ಅದರ ಹಿಂಬದಿಯ ತೆರೆದ ಜಗುಲಿಗೆ ಓಡಿ ಬಂದು ಹಾರಿ ಹತ್ತುವುದರ ರಸವನ್ನು ಅನೇಕರು ಬಣ್ಣಿಸಿದ್ದಾರೆ. ಹಾರಲಾರದವರಿಗೆ ಅದು ಮುಚ್ಚಿದ ಬಾಗಿಲೇ ಆಗಿತ್ತು. 2005ರ ಡಿಸೆಂಬರಿನಲ್ಲಿ ಅದನ್ನು ನಿತ್ಯದ ಮಾರ್ಗಗಳಿಂದ ಹಿಂತೆಗೆದುಕೊಂಡಾಗ ಕಣ್ಣೀರಿಟ್ಟವರೂ ಇದ್ದರು. ಜೀವಮಾನದಲ್ಲಿ ಮೊದಲ ಸಲ ಬಸ್ಸು ಹತ್ತಿದವರೂ ಇದ್ದರು.

ಒಂದು ಮಧ್ಯಾಹ್ನ ಬಸ್ಸು ಕಾಯುತ್ತಿದ್ದಾಗ ಗಾಲಿಕುರ್ಚಿಯಲ್ಲಿ ಕುಳಿತ ವೃದ್ಧೆಯೊಬ್ಬರು ನನ್ನ ಬೂಟನ್ನು ನೋಡಿ, “ಎಷ್ಟು ದಿನದ ಶಿಕ್ಷೆ?” ಎಂದು ನಗುತ್ತ ಕೇಳಿದರು.

“ಇನ್ನು ಐದು ವಾರ,” ಎಂದೆ.

“ಅದೃಷ್ಟವಂತರು. ನನಗೆ ನಲವತ್ತೊಂದು ವರ್ಷವಾಯಿತು.”

ಏನು ಹೇಳಬೇಕೋ ತೋಚದೆ ಬಸ್ಸಿನ ಹಲಗೆಯ ಅನುಕೂಲವನ್ನು ಹೊಗಳಿದೆ. ಆಕೆ ತಲೆಯಾಡಿಸಿ, “ಇದನ್ನು ಯಾರೂ ನಮಗೆ ಉಡುಗೊರೆಯಾಗಿ ಕೊಡಲಿಲ್ಲ. ಬೀದಿಯಲ್ಲಿ ಕೂತು ಪಡೆದುಕೊಂಡೆವು,” ಎಂದರು.

ಆ ಮಾತಿನಲ್ಲಿ ಅತಿಶಯವಿರಲಿಲ್ಲ. 1990ರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿನ ಅಂಗವಿಕಲರು ಗಾಲಿಕುರ್ಚಿಗಳಲ್ಲಿ ಬಂದು ಬಸ್ಸುಗಳನ್ನು ತಡೆದರು. ಸಂಕೋಲೆಗಳಿಂದ ತಮ್ಮನ್ನು ತಾವೇ ಬಸ್ಸುಗಳಿಗೆ ಬಿಗಿದುಕೊಂಡರು. ಹತ್ತಲು ಬಿಡದ ಬಸ್ಸು ಮುಂದೆ ಹೋಗಲೂ ಕೂಡದೆಂಬುದು ಅವರ ವಾದ. 1995ರಲ್ಲಿ ಅಂಗವೈಕಲ್ಯದ ಕಾರಣದಿಂದ ಭೇದ ತೋರುವುದನ್ನು ನಿಷೇಧಿಸುವ ಕಾಯಿದೆ ಬಂತು. 2010ರಲ್ಲಿ ಅದನ್ನು ಇನ್ನೂ ವಿಶಾಲವಾದ ಸಮಾನತೆಯ ಕಾಯಿದೆಯಲ್ಲಿ ಸೇರಿಸಿದರು. ಕಾಯಿದೆ ಬಂದ ಮಾತ್ರಕ್ಕೆ ಎಲ್ಲವೂ ನೇರ್ಪಟ್ಟಿತೆಂದಲ್ಲ. ಬಸ್ಸಿನಲ್ಲಿ ಗಾಲಿಕುರ್ಚಿಗೆಂದು ಬಿಟ್ಟ ಜಾಗದಲ್ಲಿಯೇ ತಾಯಂದಿರು ಮಗುವಿನ ತಳ್ಳುಗಾಡಿಯನ್ನೂ ನಿಲ್ಲಿಸುತ್ತಾರೆ. ಇಬ್ಬರೂ ಒಟ್ಟಿಗೆ ಬಂದರೆ ಯಾರು ಸರಿಯಬೇಕು? ಈ ಪ್ರಶ್ನೆ ಆ ದೇಶದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಜಾಗ ಬಿಡಿರೆಂದು ಚಾಲಕ ಒಂದು ಮಾತು ಕೇಳಿ ಸುಮ್ಮನಾದರೆ ಸಾಲದೆಂದು 2017ರಲ್ಲಿ ತೀರ್ಪಾಯಿತು. ಹಲಗೆಯನ್ನು ಕಾಯಿದೆ ಹಾಕಿಸಬಲ್ಲದು. ಪಕ್ಕಕ್ಕೆ ಸರಿಯುವ ಮನಸ್ಸನ್ನು ಒಳಗೆ ಕುಳಿತವರೇ ತರಬೇಕು.

ಬಸ್ಸಿನಿಂದ ಇಳಿದ ಮೇಲೆ ಬೀದಿ. ಊರುಗೋಲಿನವನ ಕಣ್ಣು ಸದಾ ನೆಲದ ಮೇಲಿರುವುದರಿಂದ, ಗೋಪುರಗಳನ್ನು ನೋಡದ ನಾನು ಕಾಲುದಾರಿಯ ಅಂಚುಗಳಲ್ಲಿ ಪಾರಂಗತನಾದೆ. ರಸ್ತೆ ದಾಟುವ ಕಡೆಯಲ್ಲೆಲ್ಲ ಅಂಚಿನ ಕಲ್ಲನ್ನು ತಗ್ಗಿಸಿ, ಕಾಲುದಾರಿಯನ್ನು ರಸ್ತೆಯ ಮಟ್ಟಕ್ಕೆ ಇಳಿಸಿರುತ್ತಾರೆ. ನಾಲ್ಕು ಬೆರಳು ಎತ್ತರದ ಕಲ್ಲನ್ನು ತಗ್ಗಿಸುವುದು ಏನು ಮಹಾ ಎನಿಸೀತು. ಅದರ ಹಿಂದೆ ಒಬ್ಬ ಮನುಷ್ಯನ ಬದುಕಿದೆ. ಸೆಲ್ವಿನ್ ಗೋಲ್ಡ್‌ಸ್ಮಿತ್ ಎಂಬ ವಾಸ್ತುಶಿಲ್ಪಿ 1956ರಲ್ಲಿ ಪೋಲಿಯೋ ರೋಗಕ್ಕೆ ತುತ್ತಾದ. 1963ರಲ್ಲಿ ಅಂಗವಿಕಲರಿಗೆ ಒದಗುವಂತೆ ಕಟ್ಟಡಗಳನ್ನು ಹೇಗೆ ರೂಪಿಸಬೇಕೆಂಬ ಗ್ರಂಥವನ್ನು ಬರೆದ. ಆಮೇಲೆ ನಾರಿಚ್ ಪಟ್ಟಣದಲ್ಲಿ ಗಾಲಿಕುರ್ಚಿ ಬಳಸುವ 284 ಮಂದಿಯನ್ನು ಕಂಡು ಮಾತನಾಡಿಸಿ, ನಿಮಗೆ ಊರಿನಲ್ಲಿ ಅಡ್ಡಿಯಾಗುವುದೇನು ಎಂದು ವಿಚಾರಿಸಿದ. ಆ ವಿಚಾರಣೆಯ ಫಲವಾಗಿ 1967ರಲ್ಲಿ ಆ ಪಟ್ಟಣದ ಬೀದಿಗಳಲ್ಲಿ ಅಂಚಿನ ಕಲ್ಲುಗಳು ತಗ್ಗಿದವು. ಅಲ್ಲಿಯೂ ಒಂದು ಸೂಕ್ಷ್ಮವಿದೆ. ಗಾಲಿಕುರ್ಚಿಗೆ ಅಡ್ಡಿಯಾದ ಆ ಅಂಚೇ ಕಣ್ಣಿಲ್ಲದವನ ಕೋಲಿಗೆ, ಇಲ್ಲಿಂದ ಮುಂದೆ ರಸ್ತೆಯೆಂದು ತಿಳಿಸುವ ಗುರುತು. ಅದನ್ನು ಅಳಿಸಿದರೆ ಒಬ್ಬನಿಗೆ ದಾರಿ, ಇನ್ನೊಬ್ಬನಿಗೆ ಅಪಾಯ. ಆದಕಾರಣ ತಗ್ಗಿಸಿದ ಕಡೆಯಲ್ಲಿ ಗುಬುಟುಗಳಿರುವ ಚಪ್ಪಡಿಯನ್ನು ಹಾಸುತ್ತಾರೆ. ಪಾದಕ್ಕೆ ಅದೇ ಎಚ್ಚರಿಕೆ. ಒಬ್ಬರ ಅನುಕೂಲ ಇನ್ನೊಬ್ಬರ ಕಷ್ಟವಾಗದಂತೆ ಯೋಚಿಸಿದ ಆ ಒಂದು ಚಪ್ಪಡಿಯಲ್ಲಿ ನನಗೆ ಅನೇಕ ಸ್ಮಾರಕಗಳಿಗಿಂತ ಹೆಚ್ಚಿನ ನಾಗರಿಕತೆ ಕಂಡಿತು. ಗೋಲ್ಡ್‌ಸ್ಮಿತ್ 2011ರಲ್ಲಿ ತೀರಿಕೊಂಡ. ಮಗುವಿನ ಗಾಡಿಯನ್ನು ತಳ್ಳುವ ತಾಯಿ, ಪೆಟ್ಟಿಗೆ ಎಳೆಯುವ ಪ್ರಯಾಣಿಕ, ಕುಂಟುತ್ತ ಬಂದ ಕನ್ನಡಿಗ, ಯಾರೂ ಆತನ ಹೆಸರನ್ನು ಕೇಳದೆ ಆ ಇಳಿಜಾರಿನ ಮೇಲೆ ದಾಟಿ ಹೋಗುತ್ತಾರೆ.

ದಯೆಗೇನೂ ಕೊರತೆಯಿರಲಿಲ್ಲ. ನನ್ನ ಕೋಲುಗಳನ್ನು ಕಂಡೊಡನೆ ಜನ ಎದ್ದು ಜಾಗ ಕೊಡುತ್ತಿದ್ದರು, ಬಾಗಿಲು ಹಿಡಿದು ನಿಲ್ಲುತ್ತಿದ್ದರು, ಕೈಚೀಲವನ್ನು ಎತ್ತಿಕೊಳ್ಳುತ್ತಿದ್ದರು. ಒಂದೊಂದಕ್ಕೂ ವಂದನೆ ಹೇಳಬೇಕು. ಹೇಳುವುದರಲ್ಲಿ ಸಂತೋಷವೂ ಇತ್ತು. ಆದರೆ ಬೆಳಗಿನಿಂದ ಸಂಜೆಯವರೆಗೆ ನಲವತ್ತು ಸಲ ವಂದನೆ ಹೇಳಿದವನಿಗೆ, ಕಾಲಿನ ನೋವಿನ ಜೊತೆಗೆ ಬೇರೊಂದು ಆಯಾಸವೂ ಬರುತ್ತದೆ. ಸಾಲಗಾರನ ಆಯಾಸ ಅದು. ಇದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದು. ಉಪಾಹಾರಗೃಹವೊಂದರಲ್ಲಿ ನನ್ನನ್ನು ಕುರ್ಚಿಯಲ್ಲಿ ಕೂಡಿಸಿ, ಕಾಲಿಗೊಂದು ದಿಂಬನ್ನೂ ತಂದಿಟ್ಟ ಹುಡುಗ, ನನ್ನ ಅಳಿಯನ ಕಡೆಗೆ ತಿರುಗಿ, “ಅವರು ಏನು ತೆಗೆದುಕೊಳ್ಳುತ್ತಾರೆ?” ಎಂದು ಕೇಳಿದ. ಅಳಿಯ ನಕ್ಕು, “ಮಾವ, ನೀವೇ ಹೇಳಿ,” ಎಂದ. ಮುರಿದದ್ದು ಪಾದದ ಮೂಳೆ. ನಾಲಗೆ ನೆಟ್ಟಗೇ ಇತ್ತು. ಇದು ಆ ಹುಡುಗನೊಬ್ಬನ ಸ್ವಭಾವವಲ್ಲ. ಬಿಬಿಸಿ ರೇಡಿಯೋದಲ್ಲಿ ಅಂಗವಿಕಲರಿಗಾಗಿ 1977ರಿಂದ 1998ರವರೆಗೆ ನಡೆದ ಕಾರ್ಯಕ್ರಮದ ಹೆಸರೇ ‘ಇವರು ಸಕ್ಕರೆ ಹಾಕಿಕೊಳ್ಳುತ್ತಾರೆಯೇ?’ ಎಂದಿತ್ತು. ಎದುರಿಗಿರುವವನನ್ನು ಬಿಟ್ಟು ಜೊತೆಯಲ್ಲಿ ಬಂದವನನ್ನು ಕೇಳುವ ಈ ಪ್ರಶ್ನೆ ಅಷ್ಟು ಸಾಮಾನ್ಯವಾಗಿತ್ತೆಂದಾಯಿತು. ದಯೆ ಕೈಯನ್ನು ನೀಡುತ್ತದೆ. ಕೆಲವೊಮ್ಮೆ ಗೊತ್ತಿಲ್ಲದೆ ಅದೇ ಕೈಯಿಂದ ಮನುಷ್ಯನನ್ನು ಮಗುವಾಗಿಯೂ ಮಾಡುತ್ತದೆ. ಬಸ್ಸಿನ ಹಲಗೆಯಾಗಲಿ ತಗ್ಗಿಸಿದ ಕಲ್ಲಾಗಲಿ ನನ್ನಿಂದ ವಂದನೆಯನ್ನು ಬಯಸಲಿಲ್ಲ. ಕಾಫಿಗೆ ಸಕ್ಕರೆ ಬೇಕೇ ಎಂದು ಅಳಿಯನನ್ನು ಕೇಳಲೂ ಇಲ್ಲ.

ಹೆಚ್ಚು ತಿರುಗಲಾರದವನಿಗೆ ಒಂದು ಲಾಭವುಂಟು. ಬ್ರಿಟಿಷ್ ಮ್ಯೂಸಿಯಮಿನಲ್ಲಿ ಎಲ್ಲರೂ ಒಂದು ದಿನದಲ್ಲಿ ಈಜಿಪ್ಟನ್ನೂ ಗ್ರೀಸನ್ನೂ ಮುಗಿಸುತ್ತಾರೆ. ನಾನು ಅಮರಾವತಿ ಸ್ತೂಪದ ಶಿಲೆಗಳ ಮುಂದೆ ಒಂದು ಗಂಟೆ ಕುಳಿತೆ. ಬುದ್ಧನ ಮಾನವಾಕೃತಿಯನ್ನು ಕೆತ್ತದೆ ಚಿಹ್ನೆಗಳಿಂದಲೇ ಅವನನ್ನು ಸೂಚಿಸುತ್ತಿದ್ದ ಕಾಲದ ಸುಣ್ಣಕಲ್ಲಿನ ಚಪ್ಪಡಿಯೊಂದು ಅಲ್ಲಿದೆ. ಅದರಲ್ಲಿರುವುದು ಎರಡು ಪಾದಗಳ ಗುರುತು; ಅಂಗಾಲಿನ ನಡುವೆ ಚಕ್ರ. ನಡೆದು ನಡೆದು ಧರ್ಮವನ್ನು ಸಾರಿದವನನ್ನು ನೆನೆಯಲು ಶಿಲ್ಪಿಗೆ ಪಾದಗಳೇ ಸಾಕಾದವು. ಈ ಶಿಲೆಗಳಲ್ಲಿ ಬಹುಪಾಲನ್ನು 1845ರಲ್ಲಿ ಅಗೆಸಿ ತೆಗೆಸಿದವನು ವಾಲ್ಟರ್ ಎಲಿಯಟ್. ಕನ್ನಡ ನಾಡಿನ ನೂರಾರು ಶಾಸನಗಳನ್ನು ಪ್ರತಿ ಮಾಡಿಸಿದವನೂ ಅವನೇ. 1824ರ ಕಿತ್ತೂರಿನ ಯುದ್ಧದಲ್ಲಿ ಥ್ಯಾಕರೆ ಮಡಿದಾಗ ಚೆನ್ನಮ್ಮನ ಕೈಗೆ ಸೆರೆಸಿಕ್ಕಿದ ಇಬ್ಬರು ಅಧಿಕಾರಿಗಳಲ್ಲಿ ಒಬ್ಬನೂ ಅವನೇ. ಎರಡು ಕಾಲೂ ಸರಿಯಿದ್ದಿದ್ದರೆ ಆ ಪಾದಗಳ ಮುಂದೆ ಎರಡು ನಿಮಿಷಕ್ಕಿಂತ ಹೆಚ್ಚು ನಿಲ್ಲುತ್ತಿದ್ದೆನೆಂದು ಹೇಳಲಾರೆ.

ಹೊರಡುವ ಮುನ್ನ ಥೇಮ್ಸ್ ನದಿಯ ದಡದಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಮೇಲೆ ನಿಂತಿರುವ ಬಸವಣ್ಣನವರ ಪ್ರತಿಮೆಯನ್ನು ನೋಡಿಬಂದೆ. 2015ರ ನವೆಂಬರ್ 14ರಂದು ಅದರ ಅನಾವರಣವಾಯಿತು. ನಿಂತದ್ದಕ್ಕಿಂತ ಚಲಿಸುವುದನ್ನು ಮೇಲೆಂದು ಬಗೆದು, ಜಂಗಮವೆಂಬ ಮಾತಿಗೆ ಹೊಸ ಬೆಲೆ ಕೊಟ್ಟವರ ಮುಂದೆ, ಅರೆಪಾಲು ಸ್ಥಾವರನಾದ ನಾನು ಬೆಂಚಿನ ಮೇಲೆ ಕುಳಿತೆ. ದಯೆಯನ್ನು ಧರ್ಮದ ಬುಡದಲ್ಲಿಟ್ಟವರೂ ಅವರೇ, ಕಾಯಕವೆಂಬ ದುಡಿಮೆಯನ್ನು ಹಿರಿದಾಗಿ ಕಂಡವರೂ ಅವರೇ. ದಯೆ ಎದೆಯಲ್ಲಿಯೇ ಉಳಿದರೆ, ಆ ಎದೆಯಿರುವ ಮನುಷ್ಯ ಹತ್ತಿರದಲ್ಲಿರುವಷ್ಟು ಹೊತ್ತು ಮಾತ್ರ ಅದರಿಂದ ಪ್ರಯೋಜನ. ಅದು ಕಾಯಕವಾಗಿ ಕಲ್ಲಿಗೂ ಕಬ್ಬಿಣಕ್ಕೂ ಇಳಿದರೆ, ದಯೆಯುಳ್ಳವನು ಹೋದ ಮೇಲೂ ನಿಂತು ಕೆಲಸ ಮಾಡುತ್ತದೆ. ಶ್ರವಣಬೆಳಗೊಳದಲ್ಲಿ ಬೆಟ್ಟ ಹತ್ತಲಾರದ ಮುದುಕರನ್ನು ಡೋಲಿಯಲ್ಲಿ ಹೊತ್ತು ಗೊಮ್ಮಟನ ಬಳಿಗೆ ಒಯ್ಯುವವರನ್ನು ನೋಡಿದ್ದೇನೆ. ಅವರ ಬೆವರಿಗೆ ನಾನು ತಲೆಬಾಗುತ್ತೇನೆ. ಸಾವಿರ ವರ್ಷದ ಬಂಡೆಯ ಮೈಯನ್ನು ಕೆಡಿಸದೆ ಹಾಗೆ ಹೊತ್ತೊಯ್ಯುವುದು ಅಲ್ಲಿಗೆ ಸರಿಯೂ ಹೌದು. ಆದರೆ ಅಂಚೆಕಚೇರಿಗೂ ಶಾಲೆಗೂ ಯಾರೂ ಡೋಲಿಯಲ್ಲಿ ಹೋಗಲಾಗದು.

ವಿಮಾನನಿಲ್ದಾಣದಲ್ಲಿ ಗಾಲಿಕುರ್ಚಿಯನ್ನು ಪುಕ್ಕಟೆಯಾಗಿ ಒದಗಿಸಿದರು. ಯುರೋಪಿನಲ್ಲಿ 2006ರಲ್ಲಿ ರಚಿತವಾದ, ಬ್ರಿಟನ್ನಿನಲ್ಲಿಯೂ ಉಳಿದುಬಂದಿರುವ ನಿಯಮ ಅದನ್ನು ವಿಧಿಸುತ್ತದೆ. ಚಲನೆಗೆ ಅಡ್ಡಿಯುಳ್ಳವರು ಯಾರೆಂದು ಹೇಳುವಲ್ಲಿ ಆ ನಿಯಮ ಶಾಶ್ವತವೋ ತಾತ್ಕಾಲಿಕವೋ ಎಂಬ ಭೇದವನ್ನು ಮಾಡುವುದಿಲ್ಲ. ವಯಸ್ಸಿನಿಂದ ಕುಂದಿದವರನ್ನೂ ಸೇರಿಸಿಕೊಳ್ಳುತ್ತದೆ. ಕಾನೂನಿನ ಒಣಭಾಷೆಯಲ್ಲಿ ಹುದುಗಿರುವ ಈ ಮಾತು ನನಗೆ ದೊಡ್ಡದಾಗಿ ಕಂಡಿತು. ಆರು ವಾರದವನು, ನಲವತ್ತೊಂದು ವರ್ಷದವಳು, ಎಂಬತ್ತು ತುಂಬಿದವರು ಒಂದೇ ಸಾಲಿನಲ್ಲಿ. ನಾಳೆ ಯಾರು ಆ ಸಾಲಿಗೆ ಸೇರುತ್ತಾರೆಂದು ಹೇಳಲಾಗದು. ನಮ್ಮ ದೇಶದಲ್ಲಿಯೂ 2016ರಲ್ಲಿ ಅಂಗವಿಕಲರ ಹಕ್ಕುಗಳ ಕಾಯಿದೆಯಾಗಿದೆ. ಬೆಂಗಳೂರಿನ ಮೆಟ್ರೋ ನಿಲ್ದಾಣಗಳಲ್ಲಿ ಲಿಫ್ಟುಗಳಿವೆ. ಆ ಲಿಫ್ಟಿನಿಂದ ಹೊರಬಂದು, ಎತ್ತರತಗ್ಗಿನ ಕಾಲುದಾರಿಯ ಮೇಲೆ, ನಿಲ್ಲಿಸಿದ ಸ್ಕೂಟರುಗಳ ನಡುವೆ ಊರುಗೋಲನ್ನು ಎಲ್ಲಿ ಊರಬೇಕೆಂಬುದೇ ಮುಂದಿನ ಪ್ರಶ್ನೆ.

ಆ ಪ್ರಶ್ನೆಯನ್ನು ಇಡೀ ನಾಡಿನ ಮಟ್ಟದಲ್ಲಿ ಬಿಡಿಸುವುದು ನನ್ನಂಥವನ ಕೈಮೀರಿದ್ದು. ನಮ್ಮ ಬಡಾವಣೆಯ ಮಟ್ಟದಲ್ಲಿ ಲೆಕ್ಕ ಹಾಕಬಲ್ಲೆ. ಇಲ್ಲಿನ ವಾಚನಾಲಯಕ್ಕೆ 7 ಮೆಟ್ಟಿಲು, ಹಿಡಿಯಲು ಕಂಬಿಯಿಲ್ಲ. ಮಂಡಿನೋವಿನಿಂದ ಅಲ್ಲಿಗೆ ಬರಲಾರದ ನಿವೃತ್ತ ಮೇಷ್ಟ್ರೊಬ್ಬರಿಗೆ ನೆರೆಮನೆಯ ಹುಡುಗ ವಾರಕ್ಕೊಂದು ಪುಸ್ತಕವನ್ನು ಒಯ್ದು ಕೊಡುತ್ತಾನೆ. ಒಳ್ಳೆಯ ಹುಡುಗ. ಅವನು ತಂದದ್ದನ್ನು ಅವರು ಓದುತ್ತಾರೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕೆಂಬುದು ಒಪ್ಪಿತವಾದ ಅಳತೆ. ಅರ್ಧ ಅಡಿಯ 7 ಮೆಟ್ಟಿಲೆಂದರೆ ಮೂರೂವರೆ ಅಡಿ. ಬೇಕಾದದ್ದು 42 ಅಡಿ. ಕಟ್ಟಡದ ಪಕ್ಕದಲ್ಲಿ, ಮುರಿದ ಕುರ್ಚಿಗಳನ್ನು ರಾಶಿ ಹಾಕಿರುವ ಜಾಗದಲ್ಲಿ, ನಡುವೆ ಒಂದು ತಿರುವು ಕೊಟ್ಟರೆ ಅಷ್ಟು ಹಿಡಿಸುತ್ತದೆ, ಅಳೆದು ನೋಡಿದ್ದೇನೆ. ನಕ್ಷೆಯೊಂದನ್ನು ಬರೆದು, ನಲವತ್ತು ಮಂದಿ ಓದುಗರ ರುಜು ಹಾಕಿಸಿ ಕೊಟ್ಟಾಗಿದೆ. ಅದು ಕಟ್ಟಿ ಮುಗಿದ ದಿನ ಮೇಷ್ಟ್ರು ತಾವೇ ಒಳಗೆ ಬಂದು, ಕಪಾಟಿನ ಮುಂದೆ ಬೇಕಾದಷ್ಟು ಹೊತ್ತು ನಿಂತು, ಯಾರೂ ತಂದುಕೊಡದ ಪುಸ್ತಕವೊಂದನ್ನು ಆರಿಸಿಕೊಳ್ಳಬಹುದು.